ಮೊದಲ ಆಳು

ಹುನಗುಂದದ ಬಸ್ ನಿಲ್ದಾಣದಿಂದ ಸ್ವಲ್ಪ ಮುಂದೆ ಒಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಅಗಲ ಎಂಟಡಿ, ಉದ್ದ ಹತ್ತಡಿ. ಮಾಲೀಕನಿಗೆ ಈಗಷ್ಟೇ ಮೂವತ್ತು ದಾಟಿದೆ. ಅವನ ಲೆಕ್ಕಪತ್ರ ನೋಡುವವಳು ನಾನು. 2025ರ ಸೆಪ್ಟೆಂಬರ್‌ನಲ್ಲಿ ಒಂದು ಸಂಜೆ ಫೋನ್ ಮಾಡಿದ.

"ಅಕ್ಕಾರ, ಒಬ್ಬ ಹುಡುಗನ್ನ ಕೆಲಸಕ್ಕ ಇಟ್ಕೊಂಡ್ರ ಸರ್ಕಾರ ತಿಂಗಳಾ ಮೂರು ಸಾವಿರ ಕೊಡ್ತೈತಂತ. ಖರೇನ್ರೀ?"

ಖರೆ, ಆದರೆ ನಿನಗಲ್ಲ ಅಂತ ಒಮ್ಮೆಲೇ ಹೇಳಲು ಮನಸ್ಸಾಗಲಿಲ್ಲ. ನಾಳೆ ಅಂಗಡಿಗೆ ಬರ್ತೀನಪ್ಪ, ಕೂತು ಮಾತಾಡೋಣ ಅಂದೆ. ಆ ರಾತ್ರಿ ನನಗೆ ನೆನಪಾದದ್ದು ಯೋಜನೆಯ ಸುತ್ತೋಲೆ ಅಲ್ಲ, ಇಳಕಲ್ಲಿನ ನಮ್ಮ ಮನೆಯ ಪಡಸಾಲೆ. ಅಪ್ಪ ಮೊದಲ ಸಲ ಹೊರಗಿನ ಒಬ್ಬರನ್ನು ಮಗ್ಗಕ್ಕೆ ಕೂಡಿಸಿದ ದಿನ.

ಅದು 1979. ನನಗೆ ಹನ್ನೆರಡು ವರ್ಷ. ಮನೆಯಲ್ಲಿ ಎರಡು ಕುಣಿ ಮಗ್ಗ ಇದ್ದವು. ಒಂದರಲ್ಲಿ ಅಪ್ಪ, ಇನ್ನೊಂದರಲ್ಲಿ ಕಾಕಾ. ಕಾಕಾ ಬಾಗಲಕೋಟೆಯಲ್ಲಿ ಬಟ್ಟೆ ಅಂಗಡಿ ಹಾಕುತ್ತೇನೆಂದು ಹೊರಟ ಮೇಲೆ ಎರಡನೇ ಮಗ್ಗದ ಕುಣಿ ಎರಡು ತಿಂಗಳು ಖಾಲಿ ಬಿತ್ತು. ಅವ್ವ ಅದರ ಮೇಲೆ ಹಲಗೆ ಹಾಕಿ ಜೋಳದ ಚೀಲ ಇಟ್ಟಳು. ಖಾಲಿ ಮಗ್ಗ ನೋಡಿದಾಗೆಲ್ಲ ಅಪ್ಪನ ಮುಖ ಸಣ್ಣದಾಗುತ್ತಿತ್ತು. ಆದರೂ ಮಜೂರಿ ನೇಕಾರನನ್ನು ತರಲು ಎರಡು ತಿಂಗಳು ಹಿಂದೆ ಮುಂದೆ ನೋಡಿದ. "ಮನಿ ಮಂದಿ ನೇಯ್ದ್ರ ಸೀರಿ ಮಾರದ ವಾರ ಗಂಜಿ ಕುಡದ ಮಲಗ್ತೀವಿ. ಹೊರಗಿನವನ್ನ ತಂದ್ರ ಶನಿವಾರ ಬಟವಡೆ ಕೊಡಬೇಕು. ಸೀರಿ ಮಾರಲಿ, ಬಿಡಲಿ," ಅಂತ ಅವ್ವನ ಮುಂದೆ ಹೇಳುತ್ತಿದ್ದ.

ಸಣ್ಣ ಮಾಲೀಕನ ಹೆದರಿಕೆ ಪೂರ್ತಿ ಆ ಮಾತಿನಲ್ಲಿದೆ. ಹತ್ತು ಜನ ಇದ್ದವನಿಗೆ ಹನ್ನೊಂದನೆಯವನು ಹೆಚ್ಚು ಭಾರವಲ್ಲ. ಯಾರೂ ಇಲ್ಲದವನು ಒಬ್ಬನನ್ನು ಇಟ್ಟುಕೊಂಡ ದಿನದಿಂದ ಪ್ರತಿ ಶನಿವಾರವೂ ಅವನ ತಲೆಯ ಮೇಲೆ ಕೂತಿರುತ್ತದೆ. ಮುಂದೆ ಮೂವತ್ತೈದು ವರ್ಷ ಬೇರೆಯವರ ಲೆಕ್ಕ ಬರೆದ ಮೇಲೂ ಇದು ಸುಳ್ಳೆಂದು ನನಗೆ ಒಮ್ಮೆಯೂ ಅನಿಸಿಲ್ಲ.

ಕೊನೆಗೆ ಒಬ್ಬ ಬಂದ. ಪಕ್ಕದ ಓಣಿಯ ಸಾಹುಕಾರರ ಹತ್ತಿರ ನೇಯುತ್ತಿದ್ದವನು. ಅವನ ಮೇಲೆ ಅಲ್ಲಿ ಮುನ್ನೂರು ರೂಪಾಯಿ ಬಾಕಿ ಇತ್ತು. ಅಪ್ಪ ಆ ಮುನ್ನೂರು ಕಟ್ಟಿ ಅವನನ್ನು ಬಿಡಿಸಿಕೊಂಡು ಬಂದ. ದೀಪಾವಳಿ ಪಾಡ್ಯದ ದಿನ ಪೂಜೆ ಮಾಡಿದ ಹೊಸ ಕಿರ್ದಿಯ ಎರಡನೇ ಪುಟದಲ್ಲಿ ಅವನ ಹೆಸರು ಬರೆದು, ಮುಂದೆ "ಬಾಕಿ 300" ಎಂದು ಬರೆದ. ಅವನು ಹೆಬ್ಬೆಟ್ಟು ಒತ್ತಿದ. ಆ ಪುಟ ಈಗಲೂ ನನ್ನ ಹತ್ತಿರ ಇದೆ. ನೇಮಕ ಅಂತ ಏನಾದರೂ ನಡೆದಿದ್ದರೆ ಅದು ಅಷ್ಟೇ. ಅವನ ಹೆಸರು ನಮ್ಮ ಮನೆಯ ಪುಸ್ತಕದೊಳಗೆ ಬಂದದ್ದು ಸಾಲಗಾರನ ಹೆಸರಾಗಿ.

ಅಪ್ಪ ಕೆಟ್ಟವನಲ್ಲ. ಬಟವಡೆ ಒಂದು ವಾರವೂ ತಪ್ಪಿಸಲಿಲ್ಲ. ಆದರೆ ಬಾಕಿ ಪೂರ್ತಿ ತೀರಲಿ ಎಂಬ ಆಸೆ ಅವನಿಗೂ ಇರಲಿಲ್ಲ. ತೀರಿದರೆ ನೇಕಾರ ಹೋಗಿಬಿಡುತ್ತಾನೆ. ಹಬ್ಬಕ್ಕೆ ಐವತ್ತು, ಮಗಳ ಮದುವೆಗೆ ನೂರೈವತ್ತು ಎಂದು ಅಪ್ಪನೇ ಮುಂದಾಗಿ ಕೊಡುತ್ತಿದ್ದ. ಮೊದಲು ಆ ನೇಕಾರ ಸಂಜೆ ಕುಡಿದು ಬರುತ್ತಿದ್ದ. ಇಳಕಲ್ ಮಠದ ಡಾ. ಮಹಾಂತ ಸ್ವಾಮಿಗಳು ಓಣಿ ಓಣಿಗೆ ಜೋಳಿಗೆ ಹಿಡಿದು ಬಂದು ಚಟಗಳನ್ನು ಭಿಕ್ಷೆ ಬೇಡುತ್ತಿದ್ದ ಕಾಲ ಅದು. ಅವನೂ ಒಂದು ದಿನ ಕುಡಿತವನ್ನು ಆ ಜೋಳಿಗೆಗೆ ಹಾಕಿಬಿಟ್ಟ. ಕುಡಿತ ಬಿಟ್ಟಮೇಲೆ ಬಾಕಿ ಇಳಿಯತೊಡಗಿತು. ನಾಲ್ಕು ವರ್ಷಕ್ಕೆ ಮುಗಿಸಿದ. ಮುಗಿದ ವಾರವೇ ಹೋದ. ಅಪ್ಪನಿಗೆ ಸಿಟ್ಟು ಬಂದಿತ್ತು. ಇವತ್ತು ನೋಡಿದರೆ ಹೋದವನದೇ ಸರಿ ಅನಿಸುತ್ತದೆ. ಜೀತ ವಿಮುಕ್ತಿ ಕಾನೂನು 1976ರಲ್ಲೇ ಬಂದಿತ್ತು. ನಮ್ಮ ಓಣಿಯಲ್ಲಿ ಯಾರೂ ಬಾಕಿಯನ್ನು ಆ ಕಾನೂನಿನ ಪಕ್ಕ ಇಟ್ಟು ನೋಡಿರಲಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಬಹಳ ವರ್ಷ ನಾನು ಅವನನ್ನೇ ನಮ್ಮ ಮನೆಯ ಮೊದಲ ಆಳು ಅಂದುಕೊಂಡಿದ್ದೆ. ಕಿರ್ದಿ ಮತ್ತೆ ತೆಗೆದು ನೋಡಿದಾಗ ಗೊತ್ತಾಯಿತು. ಇಳಕಲ್ ಸೀರೆಯ ಮೈ ಹತ್ತಿಯದು, ಸೆರಗು ಕೆಂಪು ರೇಷ್ಮೆಯದು. ಎರಡರ ಹಾಸು ಬೇರೆ ಬೇರೆ. ಮೈಯ ಎಳೆಗಳ ಕುಣಿಕೆಗೆ ಸೆರಗಿನ ಎಳೆಗಳ ಕುಣಿಕೆಯನ್ನು ಒಂದಕ್ಕೊಂದು ಸಿಗಿಸಬೇಕು. ಇದಕ್ಕೆ ಕೊಂಡಿ ಹಾಕುವುದು ಅನ್ನುತ್ತಾರೆ. ಪ್ರತಿ ಸೀರೆಗೂ ಹೊಸದಾಗಿ ಹಾಕಬೇಕು. ಒಂದು ಎಳೆ ತಪ್ಪಿದರೆ ಸೆರಗಿನ ಬುಡದಲ್ಲಿ ಗೆರೆ ಎದ್ದು ಕಾಣುತ್ತದೆ. ಬೆಳಕಿನ ಕಡೆ ಮುಖ ಮಾಡಿ, ಮೊಣಕಾಲ ಮೇಲೆ ಹಾಸು ಎಳೆದುಕೊಂಡು, ಹೆಬ್ಬೆರಳು ತೋರುಬೆರಳ ನಡುವೆ ಕುಣಿಕೆ ಹೊಸೆದು ಮುಂದಿನದಕ್ಕೆ ಹೋಗುತ್ತಿದ್ದಳು ಒಬ್ಬ ಹೆಣ್ಣುಮಗಳು. ಕೊಂಡಿ ಇಲ್ಲದ ದಿನ ರಾಟಿಯ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದಳು. ನಾನು ಶಾಲೆಯಿಂದ ಬಂದು ಅವಳ ಪಕ್ಕ ಕೂಡುತ್ತಿದ್ದೆ. ಅವಳು ಬಂದದ್ದು 1975ಕ್ಕೂ ಮೊದಲು. ಕಿರ್ದಿಯಲ್ಲಿ ಅವಳ ಹೆಸರು ಎಲ್ಲೂ ಇಲ್ಲ. "ಕಂಡಿಕಿ ಖರ್ಚು 2-50" ಎಂದಷ್ಟೇ ಇದೆ. ಪುಟಗಟ್ಟಲೆ, ವರ್ಷಗಟ್ಟಲೆ. ಅವಳ ಹೆಸರು ನನಗೆ ಗೊತ್ತಿದೆ. ಪುಸ್ತಕಕ್ಕೆ ಗೊತ್ತಿಲ್ಲ.

ಆ ಕಾಲದಲ್ಲಿ ಸರ್ಕಾರ ಏನೂ ಕೊಡುತ್ತಿರಲಿಲ್ಲ ಅಂತಲ್ಲ. ಮಾಲೀಕನಾಗುವವನಿಗೆ ಕೊಡುತ್ತಿತ್ತು. 1978ರಲ್ಲಿ ಜಿಲ್ಲಾ ಕೈಗಾರಿಕಾ ಕೇಂದ್ರಗಳು ಶುರುವಾದವು. ನಮಗೆ ಅದು ವಿಜಾಪುರದಲ್ಲಿತ್ತು, ಬಾಗಲಕೋಟೆ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. 1983ರಲ್ಲಿ ವಿದ್ಯಾವಂತ ನಿರುದ್ಯೋಗಿಗಳ ಸ್ವಯಂ ಉದ್ಯೋಗ ಯೋಜನೆ ಬಂತು. ಇಪ್ಪತ್ತೈದು ಸಾವಿರದವರೆಗೆ ಸಾಲ, ಅದರಲ್ಲಿ ಕಾಲು ಭಾಗ ಸಬ್ಸಿಡಿ. ನೇಕಾರ ಸಹಕಾರ ಸಂಘಗಳ ಸದಸ್ಯರಿಗೆ ಮಿತವ್ಯಯ ನಿಧಿ ಇತ್ತು. ನೇಕಾರ ಕೂಲಿಯಿಂದ ಒಂದಿಷ್ಟು ಹಾಕಿದರೆ ಸರ್ಕಾರವೂ ಒಂದಿಷ್ಟು ಸೇರಿಸುತ್ತಿತ್ತು. ಒಳ್ಳೆಯ ಯೋಜನೆಯೇ. ಆದರೆ ಸಂಘದ ಹೊರಗೆ ಸಾಹುಕಾರನ ಮಗ್ಗಕ್ಕೆ ಕೂತವನಿಗೂ, ಕೊಂಡಿ ಹಾಕುವವಳಿಗೂ ಅದು ಮುಟ್ಟಲಿಲ್ಲ.

1993ರ ಅಕ್ಟೋಬರ್ 2ರಂದು ಪ್ರಧಾನಮಂತ್ರಿ ರೋಜ್‌ಗಾರ್ ಯೋಜನೆ ಬಂತು. ಆಗ ನಾನು ಇಳಕಲ್ಲಿನಲ್ಲಿ ಬಿ.ಕಾಂ. ಮುಗಿಸಿ, ಮದುವೆಯಾಗಿ ಬಾಗಲಕೋಟೆಗೆ ಬಂದು, ಹಳೇ ಊರಿನ ಒಂದು ಕಿರಾಣಿ ಹೋಲ್‌ಸೇಲ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಬ್ಯಾಂಕಿಗೆ ಕೊಡುವ ಯೋಜನಾ ವರದಿ ಬರೆಸಿಕೊಳ್ಳಲು ಹುಡುಗರು ಸಂಜೆ ನನ್ನ ಹತ್ತಿರ ಬರುತ್ತಿದ್ದರು. ಆ ಯೋಜನೆಯ ಗುರಿಯೇ ಒಂದು ಮಾತು ಹೇಳುತ್ತಿತ್ತು. 7 ಲಕ್ಷ ಘಟಕ, 10 ಲಕ್ಷ ಜನಕ್ಕೆ ಕೆಲಸ. ಮಾಲೀಕರೇ 7 ಲಕ್ಷ ಆದರೆ ಉಳಿದ 3 ಲಕ್ಷ ಕೆಲಸಗಾರರು. ಅಂದರೆ ಏಳು ಅಂಗಡಿಗೆ ಮೂವರು. ವರದಿಯಲ್ಲಿ "ಉದ್ಯೋಗ ಸೃಷ್ಟಿ" ಎಂಬ ಕಾಲಂ ಇರುತ್ತಿತ್ತು. ಹುಡುಗರು ಕೇಳುತ್ತಿದ್ದರು, ಎಷ್ಟು ಬರೀಲಿ ಅಂತ. ಎರಡು ಬರಿ ಅನ್ನುತ್ತಿದ್ದೆ. ಆ ಇಬ್ಬರನ್ನು ನಿಜವಾಗಿ ಇಟ್ಟುಕೊಂಡೆಯಾ ಅಂತ ಆಮೇಲೆ ಯಾರೂ ಬಂದು ಕೇಳಲಿಲ್ಲ. ಕಣ್ಣಿಗೆ ಕಾಣದ ಇಬ್ಬರನ್ನು ಎಷ್ಟು ವರದಿಗಳಲ್ಲಿ ಬರೆದೆನೋ. ಈಗ ಅದಕ್ಕೆ ನಾಚಿಕೆಯಾಗುತ್ತದೆ.

1997ರ ಆಗಸ್ಟ್ 15ಕ್ಕೆ ಬಾಗಲಕೋಟೆ ಜಿಲ್ಲೆಯಾಯಿತು. ಆಲಮಟ್ಟಿಯ ಹಿನ್ನೀರು ಹಳೇ ಊರಿನೊಳಗೆ ಬಂತು. ಅಂಗಡಿಗಳು ನವನಗರಕ್ಕೆ ಎದ್ದವು. ಕಾಕಾನ ಬಟ್ಟೆ ಅಂಗಡಿಗೂ, ನಾನಿದ್ದ ಹೋಲ್‌ಸೇಲ್ ಅಂಗಡಿಗೂ ಪರಿಹಾರ ಬಂತು. ಅಂಗಡಿಯ ಗೋಡೆಗೆ ಬಂತು, ಜಾಗಕ್ಕೆ ಬಂತು. ಹದಿನಾಲ್ಕು ವರ್ಷ ಕಾಕಾನ ಅಂಗಡಿಯಲ್ಲಿ ಬಟ್ಟೆಯ ತಾನು ಬಿಚ್ಚಿ ತೋರಿಸಿ ಮಡಚಿದ ಹುಡುಗನಿಗೆ ಏನು ಬರಬೇಕು ಅಂತ ಕೇಳಲು ಒಂದು ಚೀಟಿಯೂ ಇರಲಿಲ್ಲ. ಅಲ್ಲಿ ಕೆಲಸ ಮಾಡಿದ್ದ ಅನ್ನುವುದಕ್ಕೆ ಸಾಕ್ಷಿ ಅಂದರೆ ಕಾಕಾನ ಬಾಯಿಮಾತು. ಹೊಸ ಅಂಗಡಿ ಸಣ್ಣದಾಯಿತು, ಅವನು ಬೇಡವಾದ. ಕಾಕಾ ಒಂದಿಷ್ಟು ದುಡ್ಡು ಕೊಟ್ಟು ಕಳಿಸಿದ. ಅವನು ಈಗ ಗೋವಾದಲ್ಲಿದ್ದಾನೆ ಅಂತ ಕೇಳಿದ್ದೇನೆ.

ಇದೆಲ್ಲ ಆದಮೇಲೆ ನಾನು ಸ್ವಂತವಾಗಿ ಲೆಕ್ಕ ಬರೆಯುವ ಕೆಲಸ ಶುರು ಮಾಡಿದೆ. ನವನಗರದಲ್ಲಿ ಒಂದು ಕೋಣೆ. ಮಾರಾಟ ತೆರಿಗೆ, ಆಮೇಲೆ ವ್ಯಾಟ್, ಆಮೇಲೆ ಜಿಎಸ್‌ಟಿ. ಜೊತೆಗೆ ಪಿ.ಎಫ್. ಮತ್ತು ಇ.ಎಸ್.ಐ. ಹೀಗಾಗಿ ಇಳಕಲ್ಲಿನ ಗ್ರಾನೈಟ್ ಪಾಲಿಶ್ ಘಟಕಗಳಿಗೆ ಮತ್ತೆ ಮತ್ತೆ ಹೋಗಬೇಕಾಯಿತು.

ಭವಿಷ್ಯ ನಿಧಿ ಕಾನೂನು 1952ರದು. ಇಪ್ಪತ್ತು ಜನ ಕೆಲಸಗಾರರಾದರೆ ಸಂಸ್ಥೆ ಅದರೊಳಗೆ ಬರುತ್ತದೆ. ಮಾಲೀಕರು ಶೇ 12 ಕಟ್ಟಬೇಕು, ವಿಮೆಗೆ ಅರ್ಧ, ಆಡಳಿತ ವೆಚ್ಚಕ್ಕೆ ಅರ್ಧ, ಒಟ್ಟು ಶೇ 13. ಆ ಇಪ್ಪತ್ತು ಎಂಬ ಅಂಕಿ ನಮ್ಮ ಕಡೆಯ ಮಾಲೀಕರ ಮನಸ್ಸಿನಲ್ಲಿ ಊರ ಗಡಿಯ ಕಲ್ಲಿನ ಹಾಗೆ ನೆಟ್ಟಿತ್ತು. ನಾನು ಲೆಕ್ಕ ಬರೆಯುತ್ತಿದ್ದ ಒಂದು ಘಟಕದಲ್ಲಿ ಕಣ್ಣಿಗೆ ಇಪ್ಪತ್ತಾರು ಜನ ಕಾಣುತ್ತಿದ್ದರು, ಹಾಜರಿ ಪುಸ್ತಕದಲ್ಲಿ ಹತ್ತೊಂಬತ್ತು. ಉಳಿದ ಏಳು ಮಂದಿ ಕಲ್ಲು ಇಳಿಸುತ್ತಿದ್ದರು, ಪಾಲಿಶ್ ಯಂತ್ರಕ್ಕೆ ನೀರು ಬಿಡುತ್ತಿದ್ದರು, ಮಧ್ಯಾಹ್ನ ಎಲ್ಲರ ಜೊತೆ ಕೂತು ಬುತ್ತಿ ಬಿಚ್ಚುತ್ತಿದ್ದರು. ಪುಸ್ತಕದಲ್ಲಿ ಮಾತ್ರ "ಇತರೆ ಕೂಲಿ". ನಮ್ಮ ಮನೆಯ "ಕಂಡಿಕಿ ಖರ್ಚಿ"ನ ಪಕ್ಕ ಅದನ್ನು ಇಟ್ಟು ನೋಡಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಮಾಲೀಕರಿಗೆ ಎಷ್ಟೋ ಸಲ ಹೇಳಿದೆ. "ನೀವು ಹೇಳೋದು ಸರಿ ಅಕ್ಕಾರ. ತಿಂಗಳಾ ಇಷ್ಟು ರೊಕ್ಕ ಎಲ್ಲಿಂದ ತರ್ಲಿ?" ಅನ್ನುವರು. ಅವರದೂ ಸುಳ್ಳಲ್ಲ. ಸಾಲದ ಮೇಲೆ ತಂದ ಯಂತ್ರ, ಲಾರಿ ಬಾಡಿಗೆ, ಮೂರು ತಿಂಗಳಿಗೊಮ್ಮೆ ಬರುವ ಬಿಲ್ಲಿನ ಹಣ.

2016ರ ಆಗಸ್ಟ್‌ನಲ್ಲಿ ಪ್ರಧಾನಮಂತ್ರಿ ರೋಜ್‌ಗಾರ್ ಪ್ರೋತ್ಸಾಹನ್ ಯೋಜನೆ ಬಂದಾಗ ನಾನು ಆ ಸುತ್ತೋಲೆ ಹಿಡಿದುಕೊಂಡು ಇಳಕಲ್ ಬಸ್ ಹತ್ತಿದೆ. ತಿಂಗಳಿಗೆ 15,000ದವರೆಗೆ ಪಗಾರ ಇರುವ ಹೊಸ ಕೆಲಸಗಾರರನ್ನು ಸೇರಿಸಿಕೊಂಡರೆ, ಮಾಲೀಕರು ಕಟ್ಟಬೇಕಾದ ಪಾಲಿನಲ್ಲಿ ಪಿಂಚಣಿಗೆ ಹೋಗುವ ಶೇ 8.33ನ್ನು ಮೂರು ವರ್ಷ ಸರ್ಕಾರವೇ ಕಟ್ಟುತ್ತದೆ. 2018ರ ಏಪ್ರಿಲ್‌ನಿಂದ ಪೂರ್ತಿ ಶೇ 12. ಮಾಲೀಕರ ಮೇಜಿನ ಮೇಲೆ, ಕಲ್ಲಿನ ಪುಡಿಯ ಮೇಲೆಯೇ ಬೆರಳಿನಿಂದ ಲೆಕ್ಕ ಬರೆದೆ. ಒಬ್ಬನಿಗೆ 9,000 ಪಗಾರ. ಸರ್ಕಾರದ್ದು 750. ಅವರು ಕೈಯಿಂದ ಹಾಕುವುದು ನಾನೂರರ ಆಸುಪಾಸು. ಏಳು ಜನಕ್ಕೆ ಇಷ್ಟು. ಅವರು ಆ ಅಂಕಿಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅಂಗೈಯಿಂದ ಒರೆಸಿ, "ಆತು, ಹಚ್ರಿ ಎಲ್ಲಾರ ಹೆಸರೂ," ಅಂದರು.

ಅವತ್ತು ಸಂಜೆ ಏಳೂ ಜನರನ್ನು ಸಾಲಾಗಿ ನಿಲ್ಲಿಸಿ ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ ಪ್ರತಿ ತೆಗೆದುಕೊಂಡೆ. ಹೆಸರಿನದೇ ದೊಡ್ಡ ತೊಂದರೆ. ಆಧಾರ್‌ನಲ್ಲಿ ಮೊದಲು ಅಡ್ಡಹೆಸರು, ಪಾಸ್‌ಬುಕ್‌ನಲ್ಲಿ ಕೊನೆಗೆ ಅಡ್ಡಹೆಸರು. ಒಬ್ಬನಿಗೆ ಒಂದರಲ್ಲಿ "ಬಸಪ್ಪ", ಇನ್ನೊಂದರಲ್ಲಿ "ಬಸವರಾಜ". ಹುಟ್ಟಿದ ದಿನಾಂಕ ಕೇಳಿದರೆ ಐದು ಜನರದು ಜನವರಿ ಒಂದು. ಎರಡು ವಾರ ಓಡಾಡಿ ಏಳು ಜನಕ್ಕೂ ಹನ್ನೆರಡು ಅಂಕಿಯ ಯುಎಎನ್ ಸಂಖ್ಯೆ ಬಂತು. ಚೀಟಿಯಲ್ಲಿ ಬರೆದು ಕೊಟ್ಟಾಗ ಒಬ್ಬ ಅದನ್ನು ಮಡಚಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡ.

ಆ ಯೋಜನೆಗೆ ಹೆಸರು ಹಚ್ಚುವ ಗಡುವು 2019ರ ಮಾರ್ಚ್ 31ಕ್ಕೆ ಮುಗಿಯಿತು. ಮೂರು ವರ್ಷ ತುಂಬಿದ ಮೇಲೆ ಆ ಏಳರಲ್ಲಿ ಇಬ್ಬರನ್ನು ಮಾಲೀಕರು ಮತ್ತೆ "ಇತರೆ ಕೂಲಿ"ಗೆ ಇಳಿಸಿದರು. ನಾನು ಜಗಳ ಮಾಡಿದೆ, ನಡೆಯಲಿಲ್ಲ. ಐವರು ಉಳಿದರು. ಆ ಐವರಲ್ಲಿ ಒಳಜೇಬಿನವನು ಒಬ್ಬ. ಆಮೇಲೆ ಕಾಯಿಲೆ ಬಿದ್ದು ತೀರಿಕೊಂಡ, ವಯಸ್ಸು ನಲವತ್ತೂ ಆಗಿರಲಿಲ್ಲ. ಅವನ ಹೆಂಡತಿಗೆ ಪಿ.ಎಫ್. ಜೊತೆಗಿರುವ ವಿಮೆಯ ಹಣ ಬಂತು. ಒಂದು ವರ್ಷ ಸತತ ಕೆಲಸ ಮಾಡಿದವನಿಗೆ ಅದು ಎರಡೂವರೆ ಲಕ್ಷಕ್ಕೆ ಕಡಿಮೆ ಇರುವುದಿಲ್ಲ. ತಿಂಗಳಾ ವಿಧವಾ ಪಿಂಚಣಿ ಬರುತ್ತದೆ. ಸಾವಿರ ರೂಪಾಯಿ ಅಂದರೆ ದೊಡ್ಡ ಮೊತ್ತವಲ್ಲ. ಆದರೆ ಹದಿನಾಲ್ಕು ವರ್ಷ ತಾನು ಮಡಚಿದ ಕಾಕಾನ ಅಂಗಡಿಯ ಹುಡುಗನಿಗೂ, ಕೊಂಡಿ ಹಾಕಿ ಕಣ್ಣು ಕಳೆದುಕೊಂಡ ಆ ಹೆಣ್ಣುಮಗಳಿಗೂ ಒಂದು ರೂಪಾಯಿಯೂ ಬರಲಿಲ್ಲವಲ್ಲ. ಅರ್ಜಿಯ ಫಾರ್ಮ್ ತುಂಬುವಾಗ ನನ್ನ ಕಣ್ಮುಂದೆ ಇದ್ದವರು ಅವರಿಬ್ಬರೇ.

ಹಾಗಾಗಿ ಈ ಪ್ರೋತ್ಸಾಹಧನಗಳು ದಂಡ, ಮಾಲೀಕರ ಜೇಬಿಗೆ ಹೋಗುವ ಹಣ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. 750 ರೂಪಾಯಿಗೋಸ್ಕರ ಬರೆದ ಹೆಸರಾದರೂ, ಬರೆದದ್ದು ಬರೆದದ್ದೇ.

2020ರಲ್ಲಿ ಇನ್ನೊಂದು ಬಂತು, ಆತ್ಮನಿರ್ಭರ ಭಾರತ ರೋಜ್‌ಗಾರ್ ಯೋಜನೆ. ಅಕ್ಟೋಬರ್ 1ರಿಂದ ಲೆಕ್ಕ, ಕೊನೆಗೆ 2022ರ ಮಾರ್ಚ್ 31ರವರೆಗೆ ವಿಸ್ತರಣೆ. ಸಾವಿರದವರೆಗೆ ಜನ ಇರುವ ಸಂಸ್ಥೆಗಳಿಗೆ ಮಾಲೀಕರ ಶೇ 12, ಕೆಲಸಗಾರರ ಶೇ 12, ಎರಡೂ ಸರ್ಕಾರದ್ದೇ, ಎರಡು ವರ್ಷ. ಲಾಕ್‌ಡೌನ್‌ನಲ್ಲಿ ಕೆಲಸ ಹೋದವರನ್ನು ಮತ್ತೆ ಕರೆದರೂ ಸಿಗುತ್ತಿತ್ತು. ಬಾದಾಮಿಯಲ್ಲಿ ಗುಹೆಗಳಿಗೆ ಬೀಗ ಬಿದ್ದು, ಬನಶಂಕರಿಯ ದಾರಿ ಖಾಲಿಯಾಗಿ, ಲಾಡ್ಜ್‌ಗಳ ಹುಡುಗರೆಲ್ಲ ಊರಿಗೆ ಹೋಗಿದ್ದರು. ನಾನು ಲೆಕ್ಕ ನೋಡುವ ಒಂದು ಲಾಡ್ಜ್ ಈ ಯೋಜನೆಯಿಂದಲೇ ಹನ್ನೊಂದು ಜನರನ್ನು ಮತ್ತೆ ಕರೆಸಿತು. ಕೊಟ್ಟ ಸಹಾಯ ಸರಿಯಾದ ಹೊತ್ತಿಗೆ, ಸರಿಯಾದ ಜಾಗಕ್ಕೆ ಬಂದದ್ದನ್ನು ನಾನು ಕಣ್ಣಾರೆ ಕಂಡದ್ದು ಅದೊಂದೇ ಸಲ.

ಅದೇ ಲಾಡ್ಜಿನ ಹಿಂದಿನ ಓಣಿಯಲ್ಲಿ ಒಂದು ಖಾನಾವಳಿ ಇದೆ. ನಡೆಸುವಾಕೆ ವಯಸ್ಸಿನಲ್ಲಿ ನನಗಿಂತ ಸ್ವಲ್ಪ ದೊಡ್ಡವರು. ಗಂಡ ಹೋದ ಮೇಲೆ ಮನೆಯಲ್ಲೇ ರೊಟ್ಟಿ ಬಡಿದು ಶುರು ಮಾಡಿದವರು. ಮೊದಲು ಜೊತೆಗೆ ಕರೆದುಕೊಂಡದ್ದು ನೆರೆಮನೆಯ ಒಬ್ಬಳನ್ನು. "ಅಕಿಗೆ ದಿನಾ ಹತ್ತು ರೂಪಾಯಿ, ಎರಡು ಹೊತ್ತು ಊಟ. ನನಗ ಅದೂ ಭಾರ ಇತ್ತು, ಹೊಯ್ದಾಡಿಬಿಟ್ಟಿದ್ದೆ," ಅಂತ ಹೇಳುತ್ತಾರೆ. ಈಗ ಏಳು ಹೆಣ್ಣುಮಕ್ಕಳು ಅವರ ಹತ್ತಿರ ಇದ್ದಾರೆ. ಬೆಳಗಿನ ಐದಕ್ಕೆ ಒಲೆ ಹೊತ್ತುತ್ತದೆ. ಪ್ರವಾಸಿ ಬಸ್ ಬಂದ ದಿನ ಬಡಿಯುವ ಸದ್ದು ಓಣಿಯ ತುದಿಗೆ ಕೇಳುತ್ತದೆ. 2016ರದು, 2020ರದು, ಈಗಿನದು, ಯಾವ ಯೋಜನೆಯೂ ಆ ಮನೆಯ ಹೊಸ್ತಿಲು ದಾಟಲಿಲ್ಲ. ಏಳು ಜನ ಇಪ್ಪತ್ತಾಗುವುದಿಲ್ಲ. ಇ.ಎಸ್.ಐ.ಗೆ ಬೇಕಾದ ಹತ್ತೂ ಆಗುವುದಿಲ್ಲ. ಒಂದು ನೋಟ್‌ಬುಕ್ ಕೊಂಡು ಏಳೂ ಹೆಸರು ಬರೆದು ದಿನದ ಪಗಾರ ಬರೆಯುವುದನ್ನು ಅವರಿಗೆ ಕಲಿಸಿಕೊಟ್ಟೆ. ಅದಕ್ಕೆ ಯಾರ ಪ್ರೋತ್ಸಾಹವೂ ಬೇಕಿರಲಿಲ್ಲ.

ಆ ಫೋನ್ ಬಂದ ಮರುದಿನ ಹುನಗುಂದಕ್ಕೆ ಹೋದೆ. ಮಾಲೀಕ ಚಹಾ ತರಿಸಿದ. ಈ ಸಲದ ಯೋಜನೆಯ ಹೆಸರು ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆ. 2025ರ ಜುಲೈ 1ಕ್ಕೆ ಕೇಂದ್ರ ಸಂಪುಟ ಒಪ್ಪಿತು. ಆಗಸ್ಟ್ 1ರಿಂದ 2027ರ ಜುಲೈ 31ರವರೆಗೆ ಸೇರುವವರಿಗೆ ಅನ್ವಯ. ತೆಗೆದಿಟ್ಟ ಹಣ 99,446 ಕೋಟಿ, ಗುರಿ ಮೂರೂವರೆ ಕೋಟಿ ಉದ್ಯೋಗ. ಮೊದಲ ಸಲ ಪಿ.ಎಫ್.ಗೆ ಸೇರುವ ಕೆಲಸಗಾರನಿಗೆ ಒಂದು ತಿಂಗಳ ಪಗಾರ, 15,000 ಮೀರದಂತೆ, ಎರಡು ಕಂತಿನಲ್ಲಿ. ಮಾಲೀಕನಿಗೆ ಹೆಚ್ಚುವರಿ ಕೆಲಸಗಾರನೊಬ್ಬನಿಗೆ ತಿಂಗಳಾ 3,000ದವರೆಗೆ ಎರಡು ವರ್ಷ, ಉತ್ಪಾದನಾ ಘಟಕವಾದರೆ ನಾಲ್ಕು ವರ್ಷ. ಪಗಾರ ಹತ್ತು ಸಾವಿರದವರೆಗಿದ್ದರೆ ಸಿಗುವುದು ಸಾವಿರದವರೆಗೆ, ಇಪ್ಪತ್ತರವರೆಗೆ ಎರಡು ಸಾವಿರ, ಅದರ ಮೇಲೆ ಮೂರು ಸಾವಿರ. ಐವತ್ತಕ್ಕಿಂತ ಕಡಿಮೆ ಜನ ಇರುವ ಸಂಸ್ಥೆ ಕನಿಷ್ಠ ಇಬ್ಬರನ್ನು ಹೆಚ್ಚಿಸಬೇಕು, ಆರು ತಿಂಗಳು ಇಟ್ಟುಕೊಳ್ಳಬೇಕು.

ಇಳಕಲ್ಲಿನ ಪಾಲಿಶ್ ಘಟಕಕ್ಕೆ ಇದು ಹೇಳಿ ಮಾಡಿಸಿದ್ದು. ಅವರು ಆಗಸ್ಟ್‌ನಲ್ಲೇ ಮೂವರನ್ನು 14,000ಕ್ಕೆ ತೆಗೆದುಕೊಂಡಿದ್ದರು. ತಲೆಗೆ ಅವರು ಕಟ್ಟುವ ಪಾಲು 1,820, ಸರ್ಕಾರದಿಂದ ಬರಬೇಕಾದದ್ದು 2,000. ಆಗ ಆರು ತಿಂಗಳು ಇನ್ನೂ ತುಂಬಿರಲಿಲ್ಲ. ಮೂವರ ಮುಖವನ್ನು ಫೋನಿನ ಮುಂದೆ ಹಿಡಿದು ಉಮಂಗ್ ಆ್ಯಪ್‌ನಲ್ಲಿ ಯುಎಎನ್ ಮಾಡಿಸುವಾಗ, ಕಲ್ಲಿನ ಪುಡಿ ಮೆತ್ತಿದ ಮುಖವನ್ನು ಫೋನು ಗುರುತಿಸದೆ ಮೂರು ಸಲ ತೊಳೆದುಕೊಂಡು ಬರಬೇಕಾಯಿತು.

ಹುನಗುಂದದ ಅಂಗಡಿಗೆ ಬೇಕಿರುವುದು ಒಬ್ಬ. ಮಾಲೀಕ ಬಿಡಿಭಾಗ ತರಲು ಬಾಗಲಕೋಟೆಗೆ ಹೋದ ದಿನ ಅಂಗಡಿ ಮುಚ್ಚಬಾರದು, ಅಷ್ಟೇ. ಪಗಾರ ಹತ್ತು ಸಾವಿರ ಕೊಡಬಲ್ಲ. ಇಪ್ಪತ್ತು ಜನ ಇಲ್ಲದವನೂ ಸ್ವಇಚ್ಛೆಯಿಂದ ಪಿ.ಎಫ್. ಒಳಗೆ ಬರಬಹುದು, ಕಾನೂನು ಬೇಡ ಅನ್ನುವುದಿಲ್ಲ. ಲೆಕ್ಕ ಹಾಕಿ ತೋರಿಸಿದೆ: ಪಾಲು 1,200, ವಿಮೆಗೆ 50, ಆಡಳಿತ ವೆಚ್ಚ ಎಷ್ಟೇ ಕಡಿಮೆಯಾದರೂ 500. ತಿಂಗಳಾ 1,750. ಪ್ರತಿ ತಿಂಗಳು 15ನೇ ತಾರೀಖಿನೊಳಗೆ ಕಟ್ಟಬೇಕು, ತಡವಾದರೆ ಬಡ್ಡಿ, ದಂಡ. ಇಷ್ಟು ಮಾಡಿದರೂ ಒಬ್ಬನ ಮೇಲೆ ಪ್ರೋತ್ಸಾಹ ಇಲ್ಲ. ಪಿ.ಎಫ್. ಇಲ್ಲದಿದ್ದರೆ ಹುಡುಗನಿಗೆ ಬರಬೇಕಾದ ಒಂದು ತಿಂಗಳ ಪಗಾರವೂ ಇಲ್ಲ.

ಅವನು ಅಂಗಡಿಯೊಳಗೆ ಒಮ್ಮೆ ಕಣ್ಣಾಡಿಸಿದ. "ಒಬ್ಬನಿಗೇ ಕುಂಡ್ರಾಕ ಜಾಗಿಲ್ಲರಿ. ಇಬ್ಬರನ್ನ ಎಲ್ಲಿ ಕುಂಡ್ರಿಸ್ಲಿ?"

ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಬೇರೆ ದೇಶಗಳಲ್ಲಿ ಒಂದು ಎಂಬ ಅಂಕಿಯನ್ನು ಎಣಿಸುತ್ತಾರೆ. ಫ್ರಾನ್ಸ್‌ನಲ್ಲಿ 2015ರಲ್ಲಿ, ಯಾರೂ ಇಲ್ಲದ ಸಣ್ಣ ಮಾಲೀಕ ತನ್ನ ಮೊದಲ ಕೆಲಸಗಾರನನ್ನು ತೆಗೆದುಕೊಂಡರೆ ಎರಡು ವರ್ಷದಲ್ಲಿ 4,000 ಯೂರೋ ಕೊಡುವ ಯೋಜನೆ ತಂದರು. ಬೆಲ್ಜಿಯಂನಲ್ಲಿ 2016ರಿಂದ ಮೊದಲ ಕೆಲಸಗಾರನ ಮೇಲೆ ಮಾಲೀಕ ಕಟ್ಟಬೇಕಾದ ಸಾಮಾಜಿಕ ಭದ್ರತಾ ಪಾಲನ್ನು ಬಿಟ್ಟುಕೊಟ್ಟರು. ಅಲ್ಲಿಯ ಅಂಗಡಿ, ಇಲ್ಲಿಯ ಅಂಗಡಿ ಒಂದೇ ಅಂತ ನಾನು ಹೇಳುವುದಿಲ್ಲ. ಆದರೆ ಸೊನ್ನೆಯಿಂದ ಒಂದಕ್ಕೆ ಹೋಗುವುದೇ ಎಲ್ಲಕ್ಕಿಂತ ಕಷ್ಟದ ಹೆಜ್ಜೆ ಎಂದು ಅಲ್ಲಿ ಯಾರೋ ಕೂತು ಯೋಚಿಸಿದ್ದಾರೆ. ನಮ್ಮಲ್ಲಿ ಎಣಿಕೆ ಇಪ್ಪತ್ತರಿಂದ, ಇಲ್ಲವೆ ಇಬ್ಬರಿಂದ. ಬಾಗಲಕೋಟೆ, ಹುನಗುಂದ, ಬಾದಾಮಿ, ಇಳಕಲ್ಲಿನ ಪೇಟೆ ಬೀದಿಯಲ್ಲಿ ನಡೆದು ನೋಡಿದರೆ ಒಬ್ಬನೇ ಕೂತ ಅಂಗಡಿಗಳೇ ಹೆಚ್ಚು. ಅವರಲ್ಲಿ ಎಷ್ಟು ಜನ ಅಪ್ಪನ ಹಾಗೆ ಎರಡು ತಿಂಗಳಿಂದ, ಎರಡು ವರ್ಷದಿಂದ ಹಿಂದೆ ಮುಂದೆ ನೋಡುತ್ತಿದ್ದಾರೋ. ಅವರಿಗೆ ಪಿ.ಎಫ್.ನ ಆ 500ರ ಆಡಳಿತ ವೆಚ್ಚ ಬಿಟ್ಟು, ಒಬ್ಬನ ಮೇಲೆ ಸಾವಿರ ಕೊಟ್ಟಿದ್ದರೂ ಸಾಕಿತ್ತು. ಕೇಳುವವರು ಇದ್ದರೆ ನಾನು ಕೇಳುವುದು ಅಷ್ಟೇ.

ದೀಪಾವಳಿ ಮುಗಿದ ಮೇಲೆ ಅವನು ಮತ್ತೆ ಫೋನ್ ಮಾಡಿದ. ಹುಡುಗನನ್ನು ಇಟ್ಟುಕೊಂಡೇಬಿಟ್ಟಿದ್ದ. ಅಮೀನಗಡದವನು, ವಯಸ್ಸು ಇಪ್ಪತ್ತು, ಐಟಿಐ ಓದಿದವನು. ಯಾವ ಯೋಜನೆಯೂ ಇಲ್ಲದೆ, ಅಪ್ಪ ಮಾಡಿದ ಹಾಗೆ ಎದೆ ಗಟ್ಟಿ ಮಾಡಿಕೊಂಡು. ಮುಂಗಡ ಏನಾದರೂ ಕೊಟ್ಟೆಯಾ ಅಂತ ಕೇಳಿದೆ. ಇಲ್ಲ ಅಂದ. ನನಗೆ ಸಮಾಧಾನವಾಯಿತು. ಅಸಂಘಟಿತ ಕೆಲಸಗಾರರಿಗೆ 2019ರಿಂದ ಇರುವ ಶ್ರಮಯೋಗಿ ಮಾನ್‌ಧನ್ ಪಿಂಚಣಿ ಬಗ್ಗೆ ಹೇಳಿದೆ. ಇಪ್ಪತ್ತರ ಹುಡುಗನಿಗೆ ತಿಂಗಳಾ ನೂರು ರೂಪಾಯಿಯೂ ಆಗುವುದಿಲ್ಲ, ಅಷ್ಟೇ ಹಣ ಸರ್ಕಾರ ಸೇರಿಸುತ್ತದೆ, ಅರವತ್ತಾದ ಮೇಲೆ ತಿಂಗಳಾ 3,000. ಆ ಕಂತನ್ನು ತಾನೇ ಕಟ್ಟುತ್ತೇನೆ ಅಂದ.

ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಎಲ್ಲ ಕೆಲಸಗಾರರಿಗೂ ನೇಮಕಾತಿ ಪತ್ರ ಕೊಡಬೇಕು ಎಂದು ಸರ್ಕಾರ ಹೇಳಿತು. ಮುಂದಿನ ವಾರ ನಾನೇ ಕನ್ನಡದಲ್ಲಿ ಒಂದು ಪತ್ರ ಬರೆದು, ಎರಡು ಪ್ರತಿ ತೆಗೆದು ಹುನಗುಂದಕ್ಕೆ ಒಯ್ದೆ. ಕೆಲಸ ಏನು, ಪಗಾರ ಎಷ್ಟು, ಯಾವ ತಾರೀಖಿಗೆ, ವಾರದ ರಜೆ ಯಾವತ್ತು. ಒಂದು ಪುಟ. ಮಾಲೀಕ ಸಹಿ ಹಾಕಿದ. ಹುಡುಗ ಕೌಂಟರಿನ ಈಚೆ ನಿಂತು ಎರಡು ಸಲ ಓದಿದ.

"ಅಕ್ಕಾರ, ಇಲ್ಲಿ ನಮ್ಮಪ್ಪನ ಹೆಸರು ತಪ್ಪೈತ್ರೀ. ಆಧಾರದಾಗ ಇದ್ದಂಗ ಬರೀರಿ. ಮುಂದ ತೊಂದರಿ ಆಗ್ತೈತಿ."

ಪತ್ರ ವಾಪಸ್ ತೆಗೆದುಕೊಂಡೆ. ಪಕ್ಕದ ಜೆರಾಕ್ಸ್ ಅಂಗಡಿಗೆ ಹೋಗಿ, ಅವನ ಆಧಾರ್ ಕಾರ್ಡನ್ನು ಮುಂದಿಟ್ಟುಕೊಂಡು, ಅಕ್ಷರ ಅಕ್ಷರ ನೋಡಿ ತಿದ್ದಿ, ಮತ್ತೆ ಎರಡು ಪ್ರತಿ ತೆಗೆಸಿದೆ.